ಟಿಕೆಟಿನ ಹಣ ಹಾಡುವವನಿಗೆ, ದೋಸೆಯ ಹಣ ಯಾರಿಗೆ?



ನಮ್ಮ ಸಂಘದ ಪತ್ರಿಕೆಯಲ್ಲಿ ಸಾಧಾರಣವಾಗಿ ಗ್ಯಾಸಿನ ದರ, ಲೈಸೆನ್ಸ್ ನವೀಕರಣ, ಕೆಲಸದವರ ಕೊರತೆ ಇಂಥ ವಿಷಯಗಳೇ ಬರುತ್ತವೆ. ಈ ಸಲ ನಾನು ಹಾಡುಗಾರರ ಟಿಕೆಟಿನ ವಿಷಯ ಬರೆಯುತ್ತಿದ್ದೇನೆ. ಹೋಟೆಲಿನವನಿಗೆ ಇದೆಲ್ಲ ಯಾಕೆ ಎಂದು ಕೇಳಬೇಡಿ. 51 ಸಾವಿರ ರೂಪಾಯಿ ಫೀಸು ಕೊಟ್ಟು ಕಲಿತ ಪಾಠ ಇದು. ನೀವು ಪುಕ್ಕಟೆಯಾಗಿ ಓದಿಕೊಳ್ಳಿ.

ನನ್ನ ಹೋಟೆಲು ನವಿಮುಂಬಯಿಯ ನೆರೂಳಿನಲ್ಲಿದೆ. ಡಿ. ವೈ. ಪಾಟೀಲ್ ಸ್ಟೇಡಿಯಮ್ಮಿನಿಂದ ನಡೆದುಕೊಂಡು ಬರಬಹುದಾದಷ್ಟು ದೂರ. 2025ರ ಜನವರಿ 18, 19 ಮತ್ತು 21ರಂದು ಅಲ್ಲಿ ಇಂಗ್ಲೆಂಡಿನ ಕೋಲ್ಡ್‌ಪ್ಲೇ ತಂಡದ ಕಾರ್ಯಕ್ರಮ ನಡೆಯಿತು. ಆ ತಂಡದ ಒಂದು ಹಾಡೂ ನನಗೆ ಗೊತ್ತಿರಲಿಲ್ಲ. ಆದರೆ ಮೊದಲ ದಿನ ಮಧ್ಯಾಹ್ನ ಹನ್ನೆರಡಕ್ಕೇ ಹೋಟೆಲು ತುಂಬಿದಾಗ ಇದು ಐಪಿಎಲ್ ಮ್ಯಾಚಿನ ಗುಂಪಿನಂತಲ್ಲ ಎಂದು ತಿಳಿಯಿತು. ಮ್ಯಾಚಿಗೆ ಬರುವವರು ಹೆಚ್ಚಾಗಿ ಮುಂಬಯಿಯವರು. ಇವರು ಊರೂರಿನಿಂದ ಬ್ಯಾಗು ಹೊತ್ತುಕೊಂಡು ಬಂದವರು. ರಾತ್ರಿ ಹತ್ತೂವರೆಯ ನಂತರ ಅದೇ ಗುಂಪು ವಾಪಸು ಬಂತು. ಹನ್ನೊಂದೂವರೆಗೆ ದೋಸೆ ಹಿಟ್ಟು ಖಾಲಿ. ಭಟ್ಟರು ಮರುದಿನಕ್ಕೆಂದು ಇಟ್ಟಿದ್ದ ಇಡ್ಲಿ ಹಿಟ್ಟನ್ನೂ ತೆಗೆದರು. ಗುವಾಹಟಿಯಿಂದ ಬಂದಿದ್ದ ಇಬ್ಬರು ಹುಡುಗಿಯರು ಗಲ್ಲೆಯ ಮುಂದೆ ನಿಂತು, ಒಂದು ಪ್ಲೇಟ್ ಇಡ್ಲಿಗೆ ಎಷ್ಟು ಎಂದು ಕೇಳಿದರು. ಐವತ್ತು ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡು ಒಂದೇ ಪ್ಲೇಟ್ ತೆಗೆದುಕೊಂಡರು. ಟಿಕೆಟಿಗೆ ಎಷ್ಟು ಕೊಟ್ಟಿರಿ ಎಂದು ಸುಮ್ಮನೆ ವಿಚಾರಿಸಿದೆ. ತಲೆಗೆ 6,450 ರೂಪಾಯಿ, ವಿಮಾನದ ಖರ್ಚು ಬೇರೆ. ಇನ್ನೊಂದು ಪ್ಲೇಟ್ ನಾನೇ ಕೊಡಿಸಿದೆ, ಅದು ಬೇರೆ ಮಾತು. ಆದರೆ ಆರು ಸಾವಿರ ಕೊಟ್ಟವರು ಐವತ್ತಕ್ಕೆ ಯೋಚನೆ ಮಾಡುವುದನ್ನು ನೋಡಿ ನನ್ನ ತಲೆಗೆ ಹುಳ ಹೊಕ್ಕಿತು.

ಆ ಮೂರು ದಿನಗಳ ವ್ಯಾಪಾರ ಚೆನ್ನಾಗಿತ್ತು. ಅದರ ಅಮಲಿನಲ್ಲೇ ನಾನು ತಪ್ಪು ಮಾಡಿದ್ದು. ಅದೇ ವರ್ಷದ ಕೊನೆಗೆ ಇನ್ನೊಂದು ದೊಡ್ಡ ಸಂಗೀತ ಕಾರ್ಯಕ್ರಮ, ಬೇರೆ ಮೈದಾನ, ಎರಡು ಸಂಜೆ. ಒಳಗೆ ತಿಂಡಿಯ ಸ್ಟಾಲ್ ಹಾಕುತ್ತೀರಾ ಎಂದು ಫೋನ್ ಬಂತು. ಯಾವ ಕಾರ್ಯಕ್ರಮ, ಯಾರು ನಡೆಸಿದ್ದು ಎಂದು ಇಲ್ಲಿ ಹೇಳುವುದಿಲ್ಲ. ಹೊರಗಿದ್ದೇ ಇಷ್ಟು ವ್ಯಾಪಾರವಾದರೆ ಒಳಗೆ ಎಷ್ಟಾಗಬೇಡ ಎಂದು ಲೆಕ್ಕ ಹಾಕಿ ಹತ್ತಡಿ ಅಗಲ ಹತ್ತಡಿ ಉದ್ದದ ಜಾಗ ಹಿಡಿದೆ. ಎರಡು ದಿನದ ಬಾಡಿಗೆ ಒಂದೂವರೆ ಲಕ್ಷ. ಅದರ ಮೇಲೆ ಒಟ್ಟು ಮಾರಾಟದ ಶೇಕಡಾ 25 ಅವರಿಗೆ. ಕರಾರುಪತ್ರ 18 ಪುಟ, ಇಂಗ್ಲಿಷಿನಲ್ಲಿ. ನಾನು ಹತ್ತನೇ ಕ್ಲಾಸು ಪಾಸಾದವನು, ಕೊನೇ ಪುಟಕ್ಕೆ ಹೋಗಿ ಸಹಿ ಹಾಕಿದೆ.

ಮೈದಾನಕ್ಕೆ ಹೋದ ಮೇಲೆ ಒಂದೊಂದೇ ಗೊತ್ತಾಯಿತು. ಗ್ಯಾಸ್ ಸಿಲಿಂಡರ್ ಒಳಗೆ ಬಿಡುವುದಿಲ್ಲ, ಇಂಡಕ್ಷನ್ ಒಲೆ ಮಾತ್ರ. ಅದನ್ನು ಅವರು ಹೇಳಿದ ಕಡೆಯಿಂದಲೇ ಬಾಡಿಗೆಗೆ ತರಬೇಕು. ಇಂಡಕ್ಷನ್ ಮೇಲೆ ನಮ್ಮ ದೋಸೆ ಕಾವಲಿ ಕಾಯುವುದರೊಳಗೆ ಗಿರಾಕಿಗೆ ತಲೆ ಬಿಸಿ. ನೀರಿನ ಬಾಟಲಿ ನಾವು ಮಾರುವ ಹಾಗಿಲ್ಲ, ಅದರ ಹಕ್ಕು ಬೇರೆಯವರದ್ದು. ಮಾಲು ಮಧ್ಯಾಹ್ನ ಹನ್ನೆರಡರ ಒಳಗೆ ಒಳಗೆ ಬರಬೇಕು, ಆಮೇಲೆ ಗೇಟು ಬಂದ್. ನಗದು ಇಲ್ಲ, ಹಣವೆಲ್ಲ ಅವರ ಮೆಷಿನ್ನಿಗೆ ಹೋಗಿ, ಅವರ ಪಾಲು ಮುರಿದುಕೊಂಡು, 45 ದಿನದ ಮೇಲೆ ನಮಗೆ.

ಇದಕ್ಕಿಂತ ದೊಡ್ಡ ಪೆಟ್ಟು ಸಮಯದ್ದು. ಗೇಟು ತೆಗೆದದ್ದು ನಾಲ್ಕಕ್ಕೆ. ಜನ ಮೊದಲು ಒಳ್ಳೆಯ ಜಾಗ ಹಿಡಿಯಲು ಓಡಿದರು. ಐದೂವರೆಯಿಂದ ಏಳೂವರೆವರೆಗೆ ನೂಕುನುಗ್ಗಲು. ಮುಖ್ಯ ಹಾಡುಗಾರ ವೇದಿಕೆಗೆ ಬಂದ ಮೇಲೆ ಒಬ್ಬನೂ ಜಾಗ ಬಿಟ್ಟು ಕದಲಲಿಲ್ಲ. ಮುಗಿದ ಕೂಡಲೇ ಎಲ್ಲರೂ ಕೊನೇ ಲೋಕಲ್ ಹಿಡಿಯಲು ಓಟ. ಅಂದರೆ ಆರು ಗಂಟೆಯ ಬಾಡಿಗೆಗೆ ಎರಡು ಗಂಟೆಯ ವ್ಯಾಪಾರ. ಎರಡೇ ಕಾವಲಿಯಲ್ಲಿ ಎಷ್ಟು ದೋಸೆ ತೆಗೆದಾರು?

ಲೆಕ್ಕ ಹೀಗಿದೆ. ಎರಡು ದಿನಕ್ಕೆ 1,640 ಬಿಲ್, ಸರಾಸರಿ 210 ರೂಪಾಯಿಯಂತೆ ಸುಮಾರು 3 ಲಕ್ಷ 44 ಸಾವಿರ ಮಾರಾಟ. ಅವರ ಪಾಲು 86 ಸಾವಿರ, ಬಾಡಿಗೆ ಒಂದೂವರೆ ಲಕ್ಷ, ಮಾಲು 1 ಲಕ್ಷ 3 ಸಾವಿರ, ಹತ್ತು ಜನರ ಸಂಬಳ ಮತ್ತು ಟೆಂಪೊ 38 ಸಾವಿರ, ಒಲೆ ಬಾಡಿಗೆ 18 ಸಾವಿರ. ಒಟ್ಟು ಖರ್ಚು 3 ಲಕ್ಷ 95 ಸಾವಿರ. ಹುಳಿ ಬಂದು ಚೆಲ್ಲಿದ ಹಿಟ್ಟೂ ಅದರಲ್ಲೇ ಬಂತು. ತಟ್ಟೆಗೆ 210 ತೆಗೆದುಕೊಂಡರೆ ಬಾಡಿಗೆ, ಪಾಲು ಸೇರಿ 140ಕ್ಕೂ ಹೆಚ್ಚು ಅವರಿಗೇ ಹೋಯಿತು.

ಹಣ ಹೋದದ್ದು ಹೋಗಲಿ. ಎರಡನೇ ದಿನ ನಮ್ಮ ಹೋಟೆಲಿಗೆ ಹದಿನೈದು ವರ್ಷದಿಂದ ಬರುತ್ತಿರುವ ಒಬ್ಬರು ಮರಾಠಿ ಮೇಷ್ಟ್ರು ಮಗಳನ್ನು ಕರೆದುಕೊಂಡು ಬಂದಿದ್ದರು. ಬೋರ್ಡಿನಲ್ಲಿ ಮಸಾಲೆದೋಸೆ 250 ಎಂದು ನೋಡಿ, ನನ್ನ ಮುಖ ನೋಡಿ, "ಶೇಟ್, ನೀವೂನಾ?" ಎಂದರು. ಅಷ್ಟೇ ಅಂದದ್ದು. ದೋಸೆ ತೆಗೆದುಕೊಂಡು ಹೋದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಸಾಮಾನು ಕಟ್ಟುವಾಗ ಆಯೋಜಕರ ಕಡೆಯ ಒಬ್ಬ ಹುಡುಗನ ಹತ್ತಿರ ಸ್ವಲ್ಪ ಜೋರಾಗಿಯೇ ಕೇಳಿದೆ. ಇಷ್ಟು ದೊಡ್ಡ ಟಿಕೆಟ್ ಇಟ್ಟು ಜನರಿಂದ ಕೋಟಿಗಟ್ಟಲೆ ತೆಗೆದುಕೊಂಡಿದ್ದೀರಿ, ನಮ್ಮ ಚಟ್ನಿಯಲ್ಲೂ ಪಾಲು ಬೇಕಾ? ಅವನು ನಕ್ಕು, "ಅಂಕಲ್, ಟಿಕೆಟಿನ ಹಣ ಆರ್ಟಿಸ್ಟಿಗೆ. ನಾವು ಬದುಕುವುದು ಸ್ಪಾನ್ಸರ್, ಬಾರು ಮತ್ತು ನಿಮ್ಮ ಮೇಲೆ" ಎಂದ.

ಇದು ನಿಜವೋ ಸುಳ್ಳೋ ಎಂದು ತಿಳಿಯಬೇಕೆನ್ನಿಸಿತು. ಬಿ.ಕಾಂ. ಓದಿದ ಮಗಳನ್ನು ಕೂರಿಸಿಕೊಂಡೆ. "ಅಪ್ಪಾ, ಸಹಿ ಹಾಕುವ ಮೊದಲು ಕೇಳಬೇಕಿತ್ತು" ಎಂದು ಬೈದುಕೊಂಡೇ ಅವಳು ಒಂದು ತಿಂಗಳು ಹುಡುಕಿ ಹುಡುಕಿ ಓದಿ ಹೇಳಿದಳು. ಹುಡುಗ ಹೇಳಿದ್ದು ನಿಜ. ಹೀಗೆ ಆಗಲು ಅರವತ್ತು ವರ್ಷ ಹಿಡಿದಿದೆ.

ಸ್ಟೇಡಿಯಮ್ಮಿನಲ್ಲಿ ಹಾಡಿಸಿ ಟಿಕೆಟ್ ಮಾರುವ ದೊಡ್ಡ ದಂಧೆ ಶುರುವಾದದ್ದು ಬೀಟಲ್ಸ್ ತಂಡದಿಂದ ಎನ್ನಬಹುದು. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ 55,600 ಜನ ಸೇರಿದರು. ಕಲೆಕ್ಷನ್ 3 ಲಕ್ಷ 4 ಸಾವಿರ ಡಾಲರ್. ಅಂದರೆ ತಲೆಗೆ ಐದೂವರೆ ಡಾಲರ್ ಆಸುಪಾಸು. ಹುಡುಗಿಯರ ಕಿರುಚಾಟದಲ್ಲಿ ಹಾಡು ಯಾರಿಗೂ ಸರಿಯಾಗಿ ಕೇಳಿಸಲಿಲ್ಲವಂತೆ. ಆ ಕಾರ್ಯಕ್ರಮ ನಡೆಸಿದ ಸಿಡ್ ಬರ್ನ್‌ಸ್ಟೀನ್ ಎಂಬುವರಿಗೆ ಎಲ್ಲ ಖರ್ಚು ಕಳೆದು ಉಳಿದದ್ದು ಕೆಲವೇ ಸಾವಿರ ಡಾಲರ್. ಮರುವರ್ಷ, 1966ರ ಆಗಸ್ಟ್ 29ರಂದು ಸಾನ್‌ಫ್ರಾನ್ಸಿಸ್ಕೋದಲ್ಲಿ ಅವರ ಕೊನೆಯ ಟಿಕೆಟ್ ಕಾರ್ಯಕ್ರಮ. 42 ಸಾವಿರ ಹಿಡಿಸುವ ಕ್ಯಾಂಡಲ್‌ಸ್ಟಿಕ್ ಪಾರ್ಕಿಗೆ ಬಂದದ್ದು 25 ಸಾವಿರ ಜನ. ನಡೆಸಿದವರಿಗೆ ಲುಕ್ಸಾನು. ಜಗತ್ತಿನ ಅತಿ ದೊಡ್ಡ ತಂಡ ಹಾಡಿದರೂ ಕುರ್ಚಿ ಖಾಲಿ ಉಳಿಯುತ್ತದೆ, ಕೈ ಸುಟ್ಟುಕೊಳ್ಳುವುದು ನಡೆಸಿದವನು. ಇದನ್ನು ಓದಿ ನನಗೆ ಸ್ವಲ್ಪ ಸಮಾಧಾನವಾಯಿತು.

ಆಗ ಹಾಡುಗಾರರಿಗೆ ಟಿಕೆಟಿನ ಚಿಂತೆ ಅಷ್ಟಿರಲಿಲ್ಲ. ಗಳಿಕೆ ಗ್ರಾಮಾಫೋನ್ ರೆಕಾರ್ಡಿನಲ್ಲಿತ್ತು. ಊರೂರು ತಿರುಗುವುದು ರೆಕಾರ್ಡಿನ ಜಾಹೀರಾತಿಗೆ. ಹೊಸ ಹೋಟೆಲು ತೆರೆದಾಗ ನಾವು ಮೊದಲ ದಿನ ಕಡಿಮೆ ದರಕ್ಕೆ ಕೊಡುವುದಿಲ್ಲವೇ, ಹಾಗೆ.

ಬದಲಾವಣೆ ತಂದವರಲ್ಲಿ ಲೆಡ್ ಝೆಪೆಲಿನ್ ತಂಡದ ಮ್ಯಾನೇಜರ್ ಪೀಟರ್ ಗ್ರಾಂಟ್ ಎಂಬ ಭಾರೀ ಆಸಾಮಿ ಮುಖ್ಯ. ಮೊದಲು ಕುಸ್ತಿಯಾಡುತ್ತಿದ್ದ ಮನುಷ್ಯ. ಅಲ್ಲಿಯವರೆಗೆ ಗೇಟಿನ ಹಣದಲ್ಲಿ ನಡೆಸುವವನಿಗೆ ಒಳ್ಳೆಯ ಪಾಲು ಸಿಗುತ್ತಿತ್ತು. ಇವನು ಬಂದು, ನಮ್ಮ ತಂಡಕ್ಕೆ ನೂರರಲ್ಲಿ 90, ನಿಮಗೆ 10, ಬೇಕಾದರೆ ಮಾಡಿ ಎಂದ. ಮಾಡಲೇಬೇಕಾಯಿತು. 1973ರ ಮೇ 5ರಂದು ಫ್ಲೋರಿಡಾದ ಟಾಂಪಾದಲ್ಲಿ 56,800 ಜನ, 3 ಲಕ್ಷ 9 ಸಾವಿರ ಡಾಲರ್ ಕಲೆಕ್ಷನ್ ಮಾಡಿ ಬೀಟಲ್ಸ್ ದಾಖಲೆಯನ್ನು ಆ ತಂಡ ಮುರಿಯಿತು. ದೊಡ್ಡ ತಂಡಗಳ ಕರಾರಿನಲ್ಲಿ ಖರ್ಚು ಕಳೆದ ನಂತರದ ಹಣದಲ್ಲಿ 85ರಿಂದ 90 ಭಾಗ ಹಾಡುಗಾರರಿಗೆ ಎಂಬುದು ಆಮೇಲೆ ರೂಢಿಯೇ ಆಗಿಹೋಯಿತು. ಉಳಿದ ಹತ್ತರಲ್ಲಿ ನಡೆಸುವವನು ಹೇಗೆ ಬದುಕಬೇಕು? ಪಾರ್ಕಿಂಗ್, ಬಿಯರ್, ತಿಂಡಿ. ಅಮೆರಿಕದ ಲೈವ್ ನೇಷನ್ ಕಂಪೆನಿ ಈ ದಂಧೆಯಲ್ಲಿ ಜಗತ್ತಿಗೇ ದೊಡ್ಡದು. 2010ರಲ್ಲಿ ಟಿಕೆಟ್‌ಮಾಸ್ಟರ್ ಎಂಬ ಟಿಕೆಟ್ ಕಂಪೆನಿಯೂ ಅದರ ಜೊತೆ ಸೇರಿತು. 2023ರಲ್ಲಿ ಅವರ ಬಯಲು ರಂಗಮಂದಿರಗಳಿಗೆ ಬಂದ ಪ್ರತಿಯೊಬ್ಬ ಪ್ರೇಕ್ಷಕನೂ ಟಿಕೆಟ್ ಬಿಟ್ಟು ಸರಾಸರಿ 40 ಡಾಲರಿಗೂ ಹೆಚ್ಚು ಒಳಗೆ ಖರ್ಚು ಮಾಡಿದ್ದಾನೆ. ಅವರಿಗೆ ಲಾಭ ಉಳಿಯುವುದು ಹೆಚ್ಚಾಗಿ ಅಲ್ಲಿಯೇ. ನನ್ನ 250 ರೂಪಾಯಿಯ ದೋಸೆಯ ಮೂಲ ಇಲ್ಲಿದೆ ನೋಡಿ.

1989ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ತಿರುಗಾಟವನ್ನು ಕೆನಡಾದ ಮೈಕೆಲ್ ಕೋಲ್ ಎಂಬಾತ ಒಟ್ಟಾಗಿ ಗುತ್ತಿಗೆ ಹಿಡಿದ. 6 ಕೋಟಿ ಡಾಲರಿಗೂ ಹೆಚ್ಚು ಗ್ಯಾರಂಟಿ. ಊರೂರಿನ ಆಯೋಜಕರನ್ನು ಬದಿಗೆ ಸರಿಸಿ ಟಿಕೆಟ್, ಟೀಶರ್ಟ್, ಸ್ಪಾನ್ಸರ್, ಟಿವಿ ಹಕ್ಕು ಎಲ್ಲ ಒಬ್ಬನೇ ನೋಡಿಕೊಂಡ. ಮದುವೆಗೆ ಅಡಿಗೆ, ಶಾಮಿಯಾನ, ಹೂವು, ಫೋಟೋ ಎಲ್ಲವನ್ನೂ ಒಬ್ಬನೇ ವಹಿಸಿಕೊಳ್ಳುವ ಪದ್ಧತಿ ನಮ್ಮಲ್ಲೂ ಬಂದಿದೆಯಲ್ಲ, ಅದೇ ರೀತಿ. 1994ರಲ್ಲಿ ಈಗಲ್ಸ್ ತಂಡ ಮತ್ತೆ ಒಂದಾಗಿ ಹೊರಟಾಗ ದೊಡ್ಡ ಟಿಕೆಟ್ 100 ಡಾಲರ್ ದಾಟಿತು. ಪತ್ರಿಕೆಗಳಲ್ಲಿ ಗಲಾಟೆಯಾಯಿತು, ಆದರೆ ಟಿಕೆಟ್ ಖರ್ಚಾದವು. ಅದೇ ವರ್ಷ ಪರ್ಲ್ ಜಾಮ್ ಎಂಬ ತಂಡ, ನಮ್ಮ ಟಿಕೆಟ್ 20 ಡಾಲರಿನ ಒಳಗೇ ಇರಬೇಕು, ಟಿಕೆಟ್‌ಮಾಸ್ಟರ್ ತೆಗೆದುಕೊಳ್ಳುವ ಸೇವಾ ಶುಲ್ಕ ಹೆಚ್ಚಾಯಿತು ಎಂದು ಸರಕಾರಕ್ಕೆ ದೂರು ಕೊಟ್ಟಿತು. ಸಂಸತ್ತಿನ ಸಮಿತಿಯ ಮುಂದೆ ಹೋಗಿ ಹೇಳಿಯೂ ಬಂದರು. ಮರುವರ್ಷ ತನಿಖೆ ಮುಚ್ಚಿದರು. ಏನೂ ಆಗಲಿಲ್ಲ.

1999ರಲ್ಲಿ ನ್ಯಾಪ್ಸ್ಟರ್ ಬಂತು. ಹಾಡು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗತೊಡಗಿತು. ರೆಕಾರ್ಡು, ಸಿ.ಡಿ. ವ್ಯಾಪಾರ ಬಿದ್ದುಹೋಯಿತು. ಡೇವಿಡ್ ಬೋವಿ ಎಂಬ ಹಾಡುಗಾರ 2002ರಲ್ಲೇ, ಇನ್ನು ಮುಂದೆ ಸಂಗೀತ ನಲ್ಲಿ ನೀರು, ಕರೆಂಟು ಇದ್ದ ಹಾಗೆ, ಉಳಿಯುವ ಕೆಲಸ ಊರೂರು ತಿರುಗಿ ಹಾಡುವುದೊಂದೇ ಎಂಬ ಅರ್ಥದ ಮಾತು ಹೇಳಿದ್ದ. ಹಾಗೆಯೇ ಆಯಿತು. ಮೊದಲು ಹಾಡು ಮಾರಲು ತಿರುಗುತ್ತಿದ್ದರು, ಈಗ ತಿರುಗಾಟದ ಟಿಕೆಟ್ ಮಾರಲು ಹಾಡು ಬಿಡುತ್ತಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಅಲನ್ ಕ್ರೂಗರ್ ತೆಗೆದ ಲೆಕ್ಕದಂತೆ 1996ರಿಂದ 2003ರವರೆಗೆ ಅಲ್ಲಿ ಸರಾಸರಿ ಟಿಕೆಟ್ ದರ ಶೇಕಡಾ 82 ಏರಿತು. ಆ ಅವಧಿಯಲ್ಲಿ ಉಳಿದ ಸಾಮಾನುಗಳ ದರ ಏರಿದ್ದು ಶೇಕಡಾ 17 ಮಾತ್ರ. ದೊಡ್ಡ ನೂರು ತಂಡಗಳ ಸರಾಸರಿ ಟಿಕೆಟ್ 1996ರಲ್ಲಿ ಸುಮಾರು 26 ಡಾಲರ್ ಇದ್ದದ್ದು 2024ರಲ್ಲಿ ಸುಮಾರು 136 ಡಾಲರಿಗೆ ಬಂದಿದೆ.

ಖರ್ಚೂ ಏರಿದೆ ಎನ್ನುವುದನ್ನು ಮರೆಯಬಾರದು. 2009ರಿಂದ 2011ರವರೆಗೆ ಯು2 ತಂಡ 110 ಕಾರ್ಯಕ್ರಮ ಮಾಡಿತು. 72 ಲಕ್ಷಕ್ಕೂ ಹೆಚ್ಚು ಜನ, 73.6 ಕೋಟಿ ಡಾಲರ್. ಅವರ ವೇದಿಕೆ ನಾಲ್ಕು ಕಾಲಿನ ದೊಡ್ಡ ಏಡಿಯ ಹಾಗೆ ಇತ್ತು. ಅಂಥ ಮೂರು ವೇದಿಕೆ ಮಾಡಿಸಿದ್ದರು. ಒಂದರಲ್ಲಿ ಹಾಡುವಾಗ ಇನ್ನೊಂದು ಮುಂದಿನ ಊರಿನಲ್ಲಿ ಏಳುತ್ತಿರುತ್ತದೆ. ಹಾಡು ಇರಲಿ ಇಲ್ಲದಿರಲಿ ದಿನದ ಖರ್ಚು ಸುಮಾರು ಏಳೂವರೆ ಲಕ್ಷ ಡಾಲರ್ ಎಂದು ಅವರ ಮ್ಯಾನೇಜರ್ ಆಗ ಹೇಳಿದ್ದರು. ಲಗ್ನದ ಸೀಸನ್ನಿನಲ್ಲಿ ಎರಡು ಸೆಟ್ ಪಾತ್ರೆ, ಎರಡು ತಂಡ ಭಟ್ಟರನ್ನು ಇಟ್ಟುಕೊಂಡು ಸುಸ್ತಾಗುವ ನಮಗೆ ಇದು ಅರ್ಥವಾಗುವ ಮಾತು.

ಇದೆಲ್ಲದರ ತುದಿ ಎಂದರೆ ಟೇಲರ್ ಸ್ವಿಫ್ಟ್ ಎಂಬ ಹುಡುಗಿಯ ತಿರುಗಾಟ. 2023ರ ಮಾರ್ಚಿನಿಂದ 2024ರ ಡಿಸೆಂಬರ್‌ವರೆಗೆ 149 ಕಾರ್ಯಕ್ರಮ, 1 ಕೋಟಿ 1 ಲಕ್ಷ ಜನ, 207 ಕೋಟಿ ಡಾಲರಿಗೂ ಮೇಲೆ ಕಲೆಕ್ಷನ್. ಸರಾಸರಿ ಟಿಕೆಟ್ 204 ಡಾಲರ್. ಮಗಳು ಇದನ್ನು ಬೀಟಲ್ಸ್ ಲೆಕ್ಕದ ಪಕ್ಕ ಇಟ್ಟು ತೋರಿಸಿದಳು. ಒಂದು ಸಂಜೆಗೆ ಸೇರಿದ ಜನ ಸರಾಸರಿ 68 ಸಾವಿರ. ಬೀಟಲ್ಸಿಗೆ 55,600. ಜನ ಹೆಚ್ಚಾದದ್ದು ಕಾಲು ಭಾಗವೂ ಅಲ್ಲ, ಕಲೆಕ್ಷನ್ ಮಾತ್ರ 45 ಪಟ್ಟು. ಅಷ್ಟರಲ್ಲಿ ಅಮೆರಿಕದಲ್ಲಿ ಸಾಮಾನು ದರ ಏರಿದ್ದು ಹತ್ತು ಪಟ್ಟು. ಸ್ಟೇಡಿಯಮ್ಮಿನ ಕುರ್ಚಿ ನಮ್ಮ ಹೋಟೆಲಿನ ಟೇಬಲ್ ಇದ್ದ ಹಾಗೆ, ಹೆಚ್ಚಾಗುವುದಿಲ್ಲ. ದರ ಏರಿಸುವುದೊಂದೇ ಅವರು ಹಿಡಿದ ದಾರಿ.

ಟೇಬಲ್ ಹೆಚ್ಚಿಸಲಾಗದಿದ್ದರೆ ಬೇಗ ಬೇಗ ತಿರುಗಿಸಬಹುದು ಎನ್ನುವುದು ನಮ್ಮ ಉಡುಪಿ ಹೋಟೆಲಿನವರ ವಿದ್ಯೆ. ಅದನ್ನು ಅಮೆರಿಕದಲ್ಲಿ ಮಾಡಿ ತೋರಿಸಿದವನು ಗಾರ್ತ್ ಬ್ರೂಕ್ಸ್. 2014ರಿಂದ 2017ರವರೆಗೆ 79 ಊರುಗಳಲ್ಲಿ 390 ಕಾರ್ಯಕ್ರಮ ಮಾಡಿ 63 ಲಕ್ಷ ಟಿಕೆಟ್ ಮಾರಿದ. ಒಂದೇ ಊರಿನಲ್ಲಿ ದಿನಕ್ಕೆ ಎರಡೆರಡು ಆಟವೂ ಇದ್ದವು. ಟಿಕೆಟ್ ಸುಮಾರು 70 ಡಾಲರ್. ಬೇಡಿಕೆ ಇರುವವರೆಗೂ ಅಲ್ಲೇ ಹಾಡಿದರೆ ಬ್ಲಾಕ್ ಮಾಡುವವನ ಕೈಯಲ್ಲಿ ಟಿಕೆಟ್ ಉಳಿದು ಅವನೇ ಮುಳುಗುತ್ತಾನೆ ಎನ್ನುವುದು ಅವನ ಲೆಕ್ಕ. ನನಗೆ ಇಡೀ ಪುರಾಣದಲ್ಲಿ ಹಿಡಿಸಿದ ಮನುಷ್ಯ ಇವನೇ.

ಬ್ಲಾಕ್ ಎಂದೆನಲ್ಲ. ನಾನು 1986ರಲ್ಲಿ ಊರಿನಿಂದ ಬಂದು ಮಾಟುಂಗಾದಲ್ಲಿ ಮಾವನ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದಾಗ ಟಾಕೀಸಿನ ಮುಂದೆ ಹತ್ತರ ಟಿಕೆಟ್ ಇಪ್ಪತ್ತಕ್ಕೆ ಕೂಗಿ ಮಾರುತ್ತಿದ್ದರು. ಈಗ ಅದನ್ನು ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಬ್ಲಾಕಿನವನಿಗೆ ಹೋಗುವ ಹಣ ನಮಗೇ ಬರಲಿ ಎಂದು ಬೇಡಿಕೆ ನೋಡಿ ದರ ಏರಿಸುವ ಕ್ರಮವನ್ನು ಟಿಕೆಟ್ ಕಂಪೆನಿಗಳೇ ತಂದಿವೆ. 2022ರಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಕಾರ್ಯಕ್ರಮದ ಕೆಲವು ಟಿಕೆಟ್ 5,000 ಡಾಲರ್ ಮುಟ್ಟಿದವು. 2024ರ ಆಗಸ್ಟಿನಲ್ಲಿ ಇಂಗ್ಲೆಂಡಿನಲ್ಲಿ ಒಯಾಸಿಸ್ ತಂಡದ ಟಿಕೆಟಿಗೆ ಕ್ಯೂ ನಿಂತವರು, ಸುಮಾರು 150 ಪೌಂಡಿನ ಟಿಕೆಟ್ ಅವರ ಸರದಿ ಬರುವಷ್ಟರಲ್ಲಿ 355 ಆಗಿದ್ದನ್ನು ನೋಡಿದರು. ನಾವು ಮಧ್ಯಾಹ್ನ ಒಂದು ಗಂಟೆಗೆ ರಶ್ ಇದೆ ಎಂದು ಊಟದ ದರ ಡಬಲ್ ಮಾಡಿದರೆ ಗಿರಾಕಿ ತಟ್ಟೆ ಎಸೆದು ಹೋದಾನು. ಬೇಡ ಎಂದ ಹಾಡುಗಾರರೂ ಇದ್ದಾರೆ. 2023ರಲ್ಲಿ ದಿ ಕ್ಯೂರ್ ತಂಡದ ರಾಬರ್ಟ್ ಸ್ಮಿತ್ 20 ಡಾಲರಿನಿಂದ ಟಿಕೆಟ್ ಇಟ್ಟ. ಟಿಕೆಟಿಗಿಂತ ಸೇವಾ ಶುಲ್ಕವೇ ಹೆಚ್ಚಾಗಿದೆ ಎಂದು ಜಗಳ ತೆಗೆದು ಜನರಿಗೆ ಒಂದಿಷ್ಟು ಹಣ ವಾಪಸ್ಸೂ ಕೊಡಿಸಿದ. ಅವನೇನೂ ನಷ್ಟ ಹೊಂದಲಿಲ್ಲ.

ನಮ್ಮ ದೇಶಕ್ಕೆ ಈ ದೊಡ್ಡ ತಿರುಗಾಟಗಳು ತಡವಾಗಿ ಬಂದವು. 1996ರ ನವೆಂಬರ್ 1ರಂದು ಅಂಧೇರಿಯಲ್ಲಿ ಮೈಕೆಲ್ ಜಾಕ್ಸನ್ ಕಾರ್ಯಕ್ರಮವಾದದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅದಕ್ಕೆ ರಾಜ್ಯ ಸರಕಾರ ಮನರಂಜನಾ ತೆರಿಗೆ ಬಿಟ್ಟಿತು, ಅದರ ಮೇಲೆ ಹೈಕೋರ್ಟಿನಲ್ಲಿ ಕೇಸಾಯಿತು. ಮೂರು ಕೋಟಿಗೂ ಹೆಚ್ಚು ಹಣ ವರ್ಷಾನುಗಟ್ಟಲೆ ಸಿಕ್ಕಿಬಿದ್ದು, ಅದನ್ನು ವಾಪಸು ಕೊಡಲು ಸಚಿವ ಸಂಪುಟ ಒಪ್ಪಿದ್ದು 2021ರ ಜನವರಿಯಲ್ಲಿ. ಅಷ್ಟರಲ್ಲಿ ಜಾಕ್ಸನ್ ತೀರಿಕೊಂಡು ಹನ್ನೊಂದು ವರ್ಷ ದಾಟಿತ್ತು. ನಮ್ಮ ಡಿಪಾಸಿಟ್ ವಾಪಸಾತಿಗೆ ಅಲೆಯುವ ಸದಸ್ಯರು ಧೈರ್ಯ ತಂದುಕೊಳ್ಳಲಿ.

2003ರ ಏಪ್ರಿಲಿನಲ್ಲಿ ರೋಲಿಂಗ್ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ, ಮೂರು ದಿನ ಬಿಟ್ಟು ಮುಂಬಯಿಯ ಬ್ರೆಬೋರ್ನ್ ಸ್ಟೇಡಿಯಮ್ಮಿನಲ್ಲಿ ಹಾಡಿದರು. 2017ರ ಮೇ ತಿಂಗಳಲ್ಲಿ ನಮ್ಮ ನೆರೂಳಿಗೇ ಜಸ್ಟಿನ್ ಬೀಬರ್ ಬಂದಾಗ ದೊಡ್ಡ ಟಿಕೆಟ್ 75 ಸಾವಿರ ದಾಟಿತ್ತು. ಕೋಲ್ಡ್‌ಪ್ಲೇಗೆ ಮುಂಬಯಿಯಲ್ಲಿ 2,500ರಿಂದ 12,500, ಲೌಂಜಿಗೆ 35 ಸಾವಿರ. 2024ರ ಸೆಪ್ಟೆಂಬರ್ 22ರಂದು ಟಿಕೆಟ್ ತೆರೆದಾಗ ಒಂದು ಕೋಟಿಗೂ ಹೆಚ್ಚು ಜನ ಒಟ್ಟಿಗೆ ನುಗ್ಗಿದರು. ಬ್ಲಾಕಿನಲ್ಲಿ ಲಕ್ಷಗಟ್ಟಲೆ ಕೇಳುತ್ತಿದ್ದಾರೆಂದು ಪೋಲೀಸ್ ವಿಚಾರಣೆಯೂ ನಡೆಯಿತು. ಜನವರಿ 26ರಂದು ಅಹಮದಾಬಾದಿನಲ್ಲಿ ಅದೇ ತಂಡಕ್ಕೆ 1 ಲಕ್ಷ 30 ಸಾವಿರಕ್ಕೂ ಹೆಚ್ಚು ಜನ. ಮರುದಿನಗಳಲ್ಲಿ ಪ್ರಧಾನಮಂತ್ರಿಗಳೇ ಭಾಷಣದಲ್ಲಿ ಇದನ್ನು ದೊಡ್ಡ ಆರ್ಥಿಕ ಅವಕಾಶ ಎಂದು ಹೇಳಿದರು. ಅವಕಾಶ ಇದೆ, ಇಲ್ಲ ಎನ್ನುವುದಿಲ್ಲ. ನನ್ನ ಗಲ್ಲೆಯೇ ಅದಕ್ಕೆ ಸಾಕ್ಷಿ. ಆದರೆ ಆ ಮೂರು ದಿನ ನಾನು ಗೇಟಿನ ಹೊರಗಿದ್ದೆ.

ಚಿಕ್ಕಂದಿನಲ್ಲಿ ನಮ್ಮ ಕುಂದಾಪುರ ಕಡೆಗೆ ಯಕ್ಷಗಾನದ ಡೇರೆ ಮೇಳ ಬಂದರೆ ಹೊರಗೆ ಗ್ಯಾಸ್‌ಲೈಟ್ ಹಚ್ಚಿ ಚಾ, ಚುರುಮುರಿ, ಆಮ್ಲೆಟ್ ಅಂಗಡಿ ಇಡುತ್ತಿದ್ದರು. ನನ್ನ ಅಪ್ಪಯ್ಯನೂ ಎರಡು ವರ್ಷ ಇಟ್ಟಿದ್ದರು. ಒಳಗೆ ಈಸಿಚೇರಿಗೆ ಒಂದು ದರ, ಕುರ್ಚಿಗೆ ಒಂದು, ನೆಲಕ್ಕೆ ಒಂದು. ಹೊರಗೆ ಅಂಗಡಿಯವರು ಜಾಗಕ್ಕೆ ಎಂಟಾಣೆಯೋ ರೂಪಾಯಿಯೋ ಕೊಟ್ಟರೆ ಮುಗಿಯಿತು. ರಾತ್ರಿಯಿಡೀ ಆಟ, ರಾತ್ರಿಯಿಡೀ ವ್ಯಾಪಾರ. ಚಾ ಕುಡಿದವರ ಲೆಕ್ಕದಲ್ಲಿ ಮೇಳದ ಯಜಮಾನರು ಪಾಲು ಕೇಳಿದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಮಾತು. ಈ ಏರಿದ ಹಣ ಎಲ್ಲ ಹಾಡುಗಾರರಿಗೂ ಸಿಕ್ಕಿದೆ ಎಂದು ತಿಳಿಯಬೇಡಿ. 1982ರಲ್ಲಿ ಸಂಗೀತ ಕಾರ್ಯಕ್ರಮಗಳ ಒಟ್ಟು ಗಳಿಕೆಯಲ್ಲಿ ಮೇಲಿನ ನೂರಕ್ಕೆ ಒಬ್ಬರು ಹಾಡುಗಾರರ ಕೈಗೆ ಹೋಗುತ್ತಿದ್ದದ್ದು ಶೇಕಡಾ 26. 2017ಕ್ಕೆ ಅದು ಶೇಕಡಾ 60. ಇದೂ ಕ್ರೂಗರರದ್ದೇ ಲೆಕ್ಕ. ನಮ್ಮ ಕನ್ನಡ ಸಂಘಗಳ ವಾರ್ಷಿಕೋತ್ಸವದಲ್ಲಿ ರಸಮಂಜರಿ ಹಾಡುವ ಹುಡುಗರನ್ನು ಕೇಳಿ ನೋಡಿ. ಹತ್ತು ವರ್ಷದ ಹಿಂದಿನ ಸಂಭಾವನೆಯೇ ಈಗಲೂ. ಕಾರ್ಯಕ್ರಮದ ದಿನ ಊಟದ ಗುತ್ತಿಗೆ ನಮ್ಮದಾದರೆ ಅವರಿಗೆ ಕೊನೇ ಪಂಕ್ತಿಯಲ್ಲಿ ಹಾಕದೆ ಮೊದಲೇ ಬಡಿಸಿ ಎಂದು ನಾನು ಹುಡುಗರಿಗೆ ಹೇಳುತ್ತೇನೆ.

ದೊಡ್ಡವರಲ್ಲೂ ಕೊಡುವವರಿದ್ದಾರೆ. ಟೇಲರ್ ಸ್ವಿಫ್ಟ್ ತನ್ನ ತಿರುಗಾಟದಲ್ಲಿ ದುಡಿದವರಿಗೆ ಕೊಟ್ಟ ಬೋನಸ್ ಒಟ್ಟು 19.7 ಕೋಟಿ ಡಾಲರ್. ಲಾರಿ ಡ್ರೈವರು, ಬಡಗಿ, ಲೈಟಿನವರು, ಅವರ ಜೊತೆ ಅಡಿಗೆಯವರೂ ಆ ಪಟ್ಟಿಯಲ್ಲಿದ್ದಾರೆ. ಕ್ಯಾಟರಿಂಗಿನವರ ಹೆಸರು ಇಂಥ ಪಟ್ಟಿಯಲ್ಲಿ ನೋಡಿ ನನಗಂತೂ ಸಂತೋಷವಾಯಿತು. ಅವರು ತಂಡದ ಜೊತೆಗೇ ತಿರುಗುವ ಅಡಿಗೆಯವರು, ಸ್ಟಾಲಿನವರಲ್ಲ, ಆ ವ್ಯತ್ಯಾಸ ಗೊತ್ತಿರಲಿ.

ಕರಾರಿನ ವಿಷಯಕ್ಕೆ ಬರುತ್ತೇನೆ. 1982ರಲ್ಲಿ ವಾನ್ ಹೇಲನ್ ಎಂಬ ಅಮೆರಿಕದ ತಂಡ ತನ್ನ ಕರಾರಿನ ತಿಂಡಿಯ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿತ್ತು. ನಮ್ಮ ಜೆಮ್ಸ್ ಮಾತ್ರೆಯಂಥ ಎಂ ಅಂಡ್ ಎಂ ಚಾಕಲೇಟು ಇಡಬೇಕು, ಅದರಲ್ಲಿ ಕಂದು ಬಣ್ಣದ್ದು ಒಂದೂ ಇರಕೂಡದು ಎಂದು. ಎಲ್ಲರೂ ಇದು ಅಹಂಕಾರ ಎಂದರು. ಆ ತಂಡದ ಹಾಡುಗಾರ ಡೇವಿಡ್ ಲೀ ರಾತ್ ಕಾರಣವನ್ನು ಆಮೇಲೆ ಬರೆದ. ಅವರ ವೇದಿಕೆಯ ಸಾಮಾನು ವಿಪರೀತ ಭಾರ. ನೆಲ ತಾಳುತ್ತದೋ, ಕರೆಂಟು ಸಾಕೋ ಎಂಬುದೆಲ್ಲ ಕರಾರಿನಲ್ಲಿತ್ತು. ಬಟ್ಟಲಲ್ಲಿ ಕಂದು ಚಾಕಲೇಟು ಕಂಡರೆ ಆಯೋಜಕ ಕರಾರು ಓದಿಲ್ಲ ಎಂದರ್ಥ, ಆಗ ಇಡೀ ವೇದಿಕೆಯನ್ನು ಮತ್ತೆ ಪರೀಕ್ಷೆ ಮಾಡಿಸುತ್ತಿದ್ದರು. ಇದನ್ನು ಮಗಳು ಓದಿ ಹೇಳಿದಾಗ ನನ್ನ 18 ಪುಟ ನೆನಪಾಯಿತು. ತೆಗೆದು ನೋಡಿದೆವು. ಗ್ಯಾಸ್ ಸಿಲಿಂಡರ್ ಇಲ್ಲ ಎಂಬುದು 11ನೇ ಪುಟದಲ್ಲಿ ಸ್ಪಷ್ಟವಾಗಿ ಇತ್ತು.

ಕಳೆದ ತಿಂಗಳು ಇನ್ನೊಬ್ಬರು ಸ್ಟಾಲಿಗೆ ಕರೆದಿದ್ದಾರೆ. ಈ ಸಲ ಫೋನಿನಲ್ಲಿ ಹೂಂ ಎನ್ನಲಿಲ್ಲ. ಮಗಳ ಕೈಯಲ್ಲಿ ಕಾಗದ ಬರೆಸಿದೆ. ಬಾಡಿಗೆ ಅಥವಾ ಪಾಲು, ಎರಡರಲ್ಲಿ ಒಂದು ಮಾತ್ರ. ಎಷ್ಟು ಟಿಕೆಟ್ ಮಾರಾಟವಾಗಿದೆ, ಒಳಗೆ ಒಟ್ಟು ಎಷ್ಟು ತಿಂಡಿ ಸ್ಟಾಲ್ ಎಂದು ವಾರದ ಮೊದಲು ತಿಳಿಸಬೇಕು. ಗೇಟು ಎಷ್ಟಕ್ಕೆ, ಮುಖ್ಯ ಹಾಡುಗಾರ ಎಷ್ಟಕ್ಕೆ ಎಂದು ಬರೆದುಕೊಡಬೇಕು. ಮೂರು ಕಾವಲಿಗೆ ಸಾಕಾಗುವ ಕರೆಂಟು ಬೇಕು. ಹಣ ಏಳು ದಿನದಲ್ಲಿ ಬರಬೇಕು. ಮಸಾಲೆದೋಸೆ 120ಕ್ಕಿಂತ ಹೆಚ್ಚಿಗೆ ನಾನು ಮಾರುವುದಿಲ್ಲ, ಅದಕ್ಕೆ ಅವರು ಒಪ್ಪಬೇಕು. ದೋಸೆಯ ದರದ ಸಾಲು ಬೇಡ ಎಂದು ಮಗಳು ಹೇಳಿದಳು. ನಾನು ತೆಗೆಸಲಿಲ್ಲ.

ಅವರಿಂದ ಉತ್ತರ ಇನ್ನೂ ಬಂದಿಲ್ಲ. ಇಂಥ ಕರಾರುಪತ್ರಗಳು ನಿಮ್ಮಲ್ಲಿ ಇದ್ದರೆ, ಪುಣೆ, ಹೈದರಾಬಾದ್, ದೆಹಲಿ ಎಲ್ಲಿಯದಾದರೂ ಸರಿ, ಹೆಸರು ಅಳಿಸಿ ಒಂದು ಝೆರಾಕ್ಸ್ ಪ್ರತಿಯನ್ನು ಸಂಘದ ಕಚೇರಿಗೆ ಕಳಿಸಿಕೊಡಿ. ಎಲ್ಲವನ್ನೂ ಒಟ್ಟಿಗಿಟ್ಟು ಕನ್ನಡದಲ್ಲಿ ಒಂದು ಮಾದರಿ ಕರಾರು ಮಾಡಿಸೋಣ ಎಂದು ಕಾರ್ಯದರ್ಶಿಗಳ ಹತ್ತಿರ ಮಾತಾಡಿದ್ದೇನೆ. ಮರಾಠಿ ಮೇಷ್ಟ್ರು ಈಗಲೂ ಬೆಳಿಗ್ಗೆ ಏಳೂವರೆಗೆ ಬರುತ್ತಾರೆ, ಮೂಲೆಯ ಟೇಬಲ್, ಇಡ್ಲಿ ವಡೆ, ಅರ್ಧ ಕಾಪಿ.